ಬಿಸಿಲುಪೆಟ್ಟಿಗೆಯ ನಾಲ್ಕು ಪಾತ್ರೆಗಳು

ನಂಜನಗೂಡು
ಕಾರ್ತಿಕ ಮಾಸ, ಗುರುವಾರ
20-11-1986

ಟಿ. ನರಸೀಪುರದಲ್ಲಿ ತಂಗಿಯ ಮನೆಯಲ್ಲಿ ಒಂಬತ್ತು ತಿಂಗಳಿಂದ ಬಿಡಾರ ಹೂಡಿರುವ ಯಜಮಾನರಿಗೆ, ನಿಮ್ಮ ಸ್ವಂತ ಮನೆಯಿಂದ ರಂಗನಾಯಕಿ ಮಾಡುವ ನಮಸ್ಕಾರಗಳು.

ನಾನು ಕ್ಷೇಮವಾಗಿದ್ದೇನೆ. ಮನೆಯೂ ಕ್ಷೇಮ. ಹಿತ್ತಲಿನ ತೆಂಗು ಈ ಸಲ ಚೆನ್ನಾಗಿ ಹಿಡಿದಿದೆ. ಮಳೆಗಾಲದಲ್ಲಿ ಪಡುವಣ ಗೋಡೆ ಸ್ವಲ್ಪ ಕುಸಿದಿತ್ತು, ಕಟ್ಟಿಸಿದ್ದೇನೆ. ನಿಮ್ಮ ಕ್ಷೇಮವನ್ನು ಚಂಪಕ ಬರೆಯುವ ಕಾಗದಗಳಿಂದ ತಿಳಿಯುತ್ತಿದ್ದೇನೆ. ಅಣ್ಣನಿಗೆ ಉಪ್ಪು ಕಡಿಮೆ ಹಾಕು ಎಂದು ಅವಳಿಗೆ ನಾಲ್ಕು ಸಲ ಬರೆದೆ. ಪ್ರತಿ ಸಲವೂ ಹಾಗೇ ಆಗಲಿ ಅತ್ತಿಗೆ ಎಂದು ಉತ್ತರ ಬರುತ್ತದೆ. ಅದೇ ಕಾಗದದ ಕೊನೆಯಲ್ಲಿ, ಅಣ್ಣ ಮಾಗಳಿಬೇರು ಉಪ್ಪಿನಕಾಯಿ ಕೇಳಿ ಕೇಳಿ ಹಾಕಿಸಿಕೊಂಡ ಎಂದೂ ಇರುತ್ತದೆ. ತಂಗಿಯ ಪ್ರೀತಿ ದೊಡ್ಡದು. ರಕ್ತದೊತ್ತಡ ಅದಕ್ಕಿಂತ ದೊಡ್ಡದು ಎಂದು ನೆನಪಿರಲಿ.

ಈಗ ವಿಷಯಕ್ಕೆ ಬರುತ್ತೇನೆ. ಬೆಳಿಗ್ಗೆ ಹನ್ನೊಂದು ಗಂಟೆಗೆ ಚಿಕ್ಕಸ್ವಾಮಿ ಎಂಬವನು ಬಾಗಿಲಲ್ಲಿ ಲಾರಿ ನಿಲ್ಲಿಸಿಕೊಂಡು ಬಂದ. ಚಂಪಕಳ ಎದುರು ಮನೆಯವನಂತೆ. ಇಲ್ಲಿನ ರೈಸ್ ಮಿಲ್ಲಿಗೆ ಭತ್ತ ತಂದಿದ್ದನಂತೆ. "ಅಮ್ಮಾವ್ರೆ, ಮೇಷ್ಟ್ರು ಈ ಕಾರ್ಡ್ ಕೊಟ್ಟವ್ರೆ. ಅದೇನೋ ಬಿಸ್ಲುಪೆಟ್ಗೆ ಅಂತೆ, ಗಾಜಿಂದಂತೆ, ಉಸಾರಾಗಿ ಎತ್ಕಂಡ್ ಬಾ ಅಂದವ್ರೆ. ಅದ್ಕೇ ಲಾರೀಲಿ ಉಲ್ಲು ಆಸ್ಕಂಡೇ ಬಂದಿವ್ನಿ" ಎಂದ. ಕೂರಿಸಿ ಕಾಫಿ ಕೊಟ್ಟೆ. ಆಮೇಲೆ ನಿಮ್ಮ ಕಾರ್ಡು ಓದಿದೆ.

"ಪೆಟ್ಟಿಗೆಯನ್ನು ಚಿಕ್ಕಸ್ವಾಮಿಯ ಜೊತೆ ಕಳಿಸುವುದು. ಇಲ್ಲಿ ಒಬ್ಬರು ಕೊಳ್ಳಲು ಒಪ್ಪಿದ್ದಾರೆ. ನಿನಗೆ ಅದರಿಂದ ಉಪಯೋಗವಿಲ್ಲ. ಹೊಳೆಯ ಹತ್ತಿರ ಒಂದು ರೂಮು ನೋಡಿದ್ದೇನೆ. ಬರುವ ಸೋಮವಾರ ಮುಂಗಡ ಕೊಡುತ್ತೇನೆ. ಪುಸ್ತಕಗಳನ್ನು ಆಮೇಲೆ ತರಿಸಿಕೊಳ್ಳುವೆ." ಇಷ್ಟೇ ಬರೆದಿದ್ದೀರಿ. ಮೂವತ್ತೆಂಟು ವರ್ಷದ ಸಂಸಾರ ಒಂದು ಪೋಸ್ಟ್ ಕಾರ್ಡಿನಲ್ಲಿ ಹಿಡಿಸಿತು. ಕೆಳಗೆ ಇನ್ನೂ ಎರಡು ಗೆರೆ ಜಾಗ ಉಳಿದಿತ್ತು.

ಚಿಕ್ಕಸ್ವಾಮಿಗೆ ನಾಲ್ಕು ಗಂಟೆಗೆ ಬಾ ಎಂದೆ. "ಅಷ್ಟೊತ್ಗೆ ಪೆಟ್ಗೆ ರೆಡಿ ಇರ್ತದಾ ಅಮ್ಮಾವ್ರೆ?" ಎಂದ. ಏನೋ ಒಂದು ರೆಡಿ ಇರುತ್ತದೆ, ಹೋಗಿ ನಿನ್ನ ಭತ್ತ ನೋಡಿಕೋ ಎಂದು ಕಳಿಸಿದೆ. ರೆಡಿಯಾಗುತ್ತಿರುವುದು ಈ ಕಾಗದ. ಪೆಟ್ಟಿಗೆಯನ್ನು ಕಳಿಸುವುದಿಲ್ಲ. ಯಾಕೆ ಎಂಬುದನ್ನು ಕ್ರಮವಾಗಿ ಬರೆಯುತ್ತೇನೆ. ಬರೆಯುತ್ತಾ ಬರೆಯುತ್ತಾ ಅರ್ಧ ಗಂಟೆಗೊಮ್ಮೆ ಮಹಡಿಗೆ ಹೋಗಿಬರಬೇಕಾಗಿದೆ. ಅಕ್ಷರ ಓರೆಯಾದರೆ ಅದು ಮೆಟ್ಟಿಲಿನ ತಪ್ಪು.

ನೀವು ರಿಟೈರ್ ಆಗಿ ಇಪ್ಪತ್ತು ದಿನವಾಗಿರಲಿಲ್ಲ. ಮೈಸೂರಿಗೆ ಹೋಗಿಬರುತ್ತೇನೆ ಎಂದು ಹೋದವರು ಸಂಜೆ ಜಟಕಾದಲ್ಲಿ ಟ್ರಂಕಿನಂಥ ಒಂದು ಪೆಟ್ಟಿಗೆ ಇಟ್ಟುಕೊಂಡು ಬಂದಿರಿ. ಮೇಲೆ ಜೋಡಿ ಗಾಜು, ಮುಚ್ಚಳದಲ್ಲಿ ಕನ್ನಡಿ, ಒಳಗೆ ಕರೀ ಬಣ್ಣದ ನಾಲ್ಕು ಅಲ್ಯೂಮಿನಿಯಂ ಪಾತ್ರೆ. ಜಟಕಾದಿಂದ ಇಳಿಯುವ ಮೊದಲೇ, "ರಂಗೂ, ಇನ್ನು ಮೇಲೆ ನೀನು ಹೊಗೆ ಕುಡಿಯೋದು ಬೇಡ ಕಣೇ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದಿರಿ. ಸರ್ಕಾರದ ರಿಯಾಯಿತಿ ಕಳೆದು ಮುನ್ನೂರ ಎಂಬತ್ತು ರೂಪಾಯಿ ಎಂದಿರಿ. ಅಷ್ಟಕ್ಕೆ ಒಂದು ವರ್ಷದ ಸೌದೆ ಬರುತ್ತಿತ್ತು ಎಂದು ನಾನು ಅಂದೆ. ಗ್ಯಾಸಿಗೆ ಹೆಸರು ಬರೆಸಿ ನಾಲ್ಕು ವರ್ಷವಾಯಿತಲ್ಲ, ಇದಕ್ಕೆ ಸರದಿಯಲ್ಲಿ ಕಾಯಬೇಕಾಗಿಲ್ಲ, ಸೂರ್ಯ ಎಲ್ಲರಿಗೂ ಪುಕ್ಕಟೆ ಎಂದಿರಿ. ಪುಕ್ಕಟೆಯ ಸೂರ್ಯನಿಗೆ ಮುನ್ನೂರ ಎಂಬತ್ತು ಯಾಕೆ ಕೊಟ್ಟಿರಿ ಎಂದು ಕೇಳಿದೆ.

ಈಗ ಹೇಳುತ್ತೇನೆ. ನನಗೆ ಸಿಟ್ಟು ಬಂದದ್ದು ಹಣಕ್ಕಲ್ಲ. ಈ ಮನೆಗೆ ಒಂದು ಒನಕೆ ಬಂದರೂ ನನ್ನನ್ನು ಕೇಳಿ ಬಂದದ್ದು. ಒಲೆ ನನ್ನದು, ಆ ಒಲೆಗೆ ಬದಲಿ ತರುವಾಗ ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ಬೇಡ ಎನ್ನುತ್ತಿದ್ದೆ. ಅದು ನಿಮಗೆ ಗೊತ್ತಿತ್ತು. ಅದಕ್ಕೇ ಕೇಳಲಿಲ್ಲ. ಆಮೇಲೆ ನೀವೇ ಎರಡು ಸಲ ಮಹಡಿಯ ಮೇಲೆ ಆಲೂಗೆಡ್ಡೆ ಬೇಯಿಸಿದಿರಿ. ಬೆಂದದ್ದು ನಿಜ. ನಾನು ಮುಟ್ಟಲಿಲ್ಲ. ನೀವೊಬ್ಬರೇ ಉಪ್ಪು ಹಚ್ಚಿಕೊಂಡು ತಿಂದಿರಿ.

(ಮಹಡಿಗೆ ಹೋಗಿ ಬಂದೆ.)

ರಥಸಪ್ತಮಿಯ ವಿಷಯ. ಸೂರ್ಯನ ಹಬ್ಬದ ದಿನ ಸೂರ್ಯನೇ ಬೇಯಿಸಿದ ಅನ್ನ ಉಣ್ಣಿಸುತ್ತೇನೆ ಎಂದು ಹೆಡ್‌ಮಾಸ್ಟರ್ ಚಕ್ರಪಾಣಿಗಳನ್ನೂ ಸ್ಟಾಫ್ ರೂಮಿನ ಏಳು ಜನರನ್ನೂ ಕರೆದಿರಿ. ಇದನ್ನೂ ನನ್ನನ್ನು ಕೇಳಿ ಮಾಡಲಿಲ್ಲ. ಆದರೂ ಮನೆಗೆ ಬರುವವರು ಅತಿಥಿಗಳು. ಹಿಂದಿನ ದಿನ ಮಧ್ಯಾಹ್ನದಿಂದ ಪಾತ್ರೆ ತೊಳೆಯಲು ಕೂತೆ. ಹಬ್ಬಕ್ಕೆ ಪಾತ್ರೆ ಬೆಳಗುವ ಕೆಲಸ ನಾನು ಯಾರಿಗೂ ಬಿಡುವವಳಲ್ಲ ಎಂದು ನೀವು ಬಲ್ಲಿರಿ. ನನ್ನ ಅಡುಗೆಮನೆಯ ಪಾತ್ರೆಯಲ್ಲಿ ಮುಖ ನೋಡಿಕೊಂಡು ಕುಂಕುಮ ಇಟ್ಟುಕೊಳ್ಳಬಹುದು ಎಂದು ನಮ್ಮ ಅತ್ತೆಯವರೇ ಹೇಳುತ್ತಿದ್ದರು, ಅವರು ಯಾರನ್ನೂ ಸುಮ್ಮನೆ ಹೊಗಳಿದವರಲ್ಲ. ಹಂಡೆ, ತಪ್ಪಲೆ, ಕೊಳಗ ಎಲ್ಲ ಮುಗಿದ ಮೇಲೆ ನಿಮ್ಮ ನಾಲ್ಕು ಪಾತ್ರೆಗಳು ಉಳಿದವು. ಹೊಸ ಪಾತ್ರೆ, ಮೈಯೆಲ್ಲ ಕರಿ. ಎಂಟು ಜನ ಮೇಷ್ಟ್ರುಗಳ ಮುಂದೆ ಹೊಗೆ ಹಿಡಿದ ಪಾತ್ರೆ ಇಟ್ಟು ಬಡಿಸುವುದೇ? ಹುಣಸೆಹಣ್ಣು ಹಾಕಿದೆ, ಬಗ್ಗಲಿಲ್ಲ. ಇಟ್ಟಿಗೆ ಪುಡಿ, ತೆಂಗಿನ ನಾರು ತೆಗೆದುಕೊಂಡೆ. ಒಂದೊಂದಕ್ಕೂ ಅರ್ಧ ಗಂಟೆ ಹಿಡಿಯಿತು. ಕೊನೆಗೆ ನಾಲ್ಕೂ ಬೆಳ್ಳಿಯ ಹಾಗೆ ಹೊಳೆದವು.

ಮಾರನೇ ದಿನ ಮಡಿಯಲ್ಲಿ ಅಕ್ಕಿ, ಬೇಳೆ, ಕುಂಬಳಕಾಯಿ, ಗಸಗಸೆ ಪಾಯಸಕ್ಕೆ ಹಾಲು ತುಂಬಿ ನಾನೇ ಪೆಟ್ಟಿಗೆಯೊಳಗೆ ಇಟ್ಟು ಗಾಜು ಮುಚ್ಚಿ ಬಂದೆ. ನೀವು ಚಕ್ರಪಾಣಿಗಳನ್ನು ಕರೆತರಲು ಹೋಗಿದ್ದಿರಿ. ಹನ್ನೆರಡೂವರೆಗೆ ಎಲ್ಲರೂ ಮಹಡಿಗೆ ಹತ್ತಿದರು. ನಾನೂ ಹತ್ತಿದೆ. ನೀವು ಸೂರ್ಯನ ಕಿರಣ, ಕನ್ನಡಿಯ ಕೋನ ಎಂದು ತರಗತಿಯ ಹಾಗೆ ಹೇಳಿ ಮುಗಿಸಿ, ಗಾಜು ಎತ್ತಿದಿರಿ. ಅಕ್ಕಿ ನೆನೆದಿತ್ತು, ಅಷ್ಟೇ. ಬೇಳೆ ಹಲ್ಲಿಗೆ ಕಲ್ಲು. ಹಾಲು ಉಗುರು ಬೆಚ್ಚಗೆ.

ಚಕ್ರಪಾಣಿಗಳು ಒಂದು ಅಗುಳು ಬಾಯಿಗೆ ಹಾಕಿಕೊಂಡು, "ಏನ್ರೀ ಸೈನ್ಸ್ ಮೇಷ್ಟ್ರೇ, ಪ್ರಾಕ್ಟಿಕಲ್ಸ್‌ಗೆ ನಲವತ್ತಕ್ಕೆ ಎಷ್ಟು ಕೊಡೋಣ?" ಎಂದರು. ಎಲ್ಲರೂ ನಕ್ಕರು. ಅವರದು ತಮಾಷೆ, ಅಲ್ಲಿಗೇ ಮುಗಿಯುತ್ತಿತ್ತು. ನೀವು ಪಾತ್ರೆಗಳನ್ನು ನೋಡಿದಿರಿ, ನನ್ನನ್ನು ನೋಡಿದಿರಿ, ಆಮೇಲೆ, "ನನ್ನ ಲೆಕ್ಕ ತಪ್ಪಿತು ಸಾರ್. ಮಾಘದ ಬಿಸಿಲಿನ ಓರೆ ಸರಿಯಾಗಿ ಹಿಡೀಲಿಲ್ಲ" ಎಂದಿರಿ. ಆಗ ನಾನು ಬಾಯಿ ಬಿಟ್ಟೆ. ಮೂವತ್ತು ವರ್ಷ ಊರ ಹುಡುಗರಿಗೆ ಹೇಳಿಕೊಟ್ಟ ಸೈನ್ಸು ಎಷ್ಟು ಅಂತ ಇವತ್ತು ಗೊತ್ತಾಯಿತು, ಎಲ್ಲರೂ ಕೆಳಗೆ ಬನ್ನಿ, ಒಲೆಯ ಮೇಲೆ ಅಡುಗೆ ಆಗಿದೆ, ಇವರನ್ನು ನಂಬಿ ನಾನೇನೂ ಕೂತಿರಲಿಲ್ಲ ಎಂದೆ. ಈ ಸಲ ಯಾರೂ ನಗಲಿಲ್ಲ. ಚಕ್ರಪಾಣಿಗಳು ಚಪ್ಪಲಿ ಹುಡುಕುವವರ ಹಾಗೆ ನೆಲ ನೋಡಿದರು.

ನೀವು ಎಲ್ಲರ ಜೊತೆ ಕೂತು ಊಟ ಮಾಡಿದಿರಿ, ಎಲೆಯಲ್ಲಿ ಏನೂ ಬಿಡಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಚಂಪಕಳನ್ನು ನೋಡಿಬರುತ್ತೇನೆ ಎಂದು ಎರಡು ಜೊತೆ ಬಟ್ಟೆ ತೆಗೆದುಕೊಂಡು ಬಸ್ಸು ಹತ್ತಿದಿರಿ. ಮತ್ತೆ ಬರಲಿಲ್ಲ. ಕೇಳಿದವರಿಗೆಲ್ಲ, ಚಂಪಕಳಿಗೆ ಮೈ ಸರಿಯಿಲ್ಲ, ಅಲ್ಲಿ ಗಂಡುದಿಕ್ಕು ಬೇಕು ಎಂದು ಹೇಳುತ್ತಾ ಬಂದಿದ್ದೇನೆ. ಒಂಬತ್ತು ತಿಂಗಳಲ್ಲಿ ಪಾಪ ಅವಳಿಗೆ ಟೈಫಾಯಿಡ್ ಬಂದು, ಕಾಲು ಉಳುಕಿ, ಈಗ ಹೊಟ್ಟೆಯ ಹುಣ್ಣಿನವರೆಗೆ ಬಂದಿದೆ. ಅವಳಿಗೆ ಹೇಳಬೇಡಿ.

ಒಂದು ಗಂಟೆ ಹೊಡೆಯಿತು. ಊಟ ಮಾಡಿ ಬರುತ್ತೇನೆ.

ಊಟವಾಯಿತು. ಈಗ ಪೆಟ್ಟಿಗೆಯ ಮುಂದಿನ ಕಥೆ. ನೀವು ಹೋದ ಮೇಲೆ ಅದರ ಮೇಲೆ ಗೋಣಿ ಹೊದಿಸಿ ಇಟ್ಟಿದ್ದೆ. ಮಳೆಗಾಲವೆಲ್ಲ ಹಾಗೇ ಇತ್ತು. ದೀಪಾವಳಿ ಕಳೆದು ಬಿಸಿಲು ಗಟ್ಟಿಯಾದ ಮೇಲೆ ಗೋಣಿ ತೆಗೆದೆ. ಪರೀಕ್ಷೆ ಮಾಡದೆ ತೀರ್ಪು ಕೊಡುವವಳು ನಾನಲ್ಲ. ಒಂದು ವಾರ ಸರಿಯಾಗಿ ಬೇಯಿಸಿ ನೋಡಿ, ಇದು ನಿಷ್ಪ್ರಯೋಜಕ ಎಂದು ದಿನ ತಾರೀಖು ಹಾಕಿ ನಿಮಗೆ ಬರೆಯಬೇಕು ಎಂದಿದ್ದೆ. ಮಹಡಿಯ ಮೇಲೆ ನಿಂತರೆ ನರಸೀಪುರದ ಬಸ್ಸು ಬರುವುದು ಕಾಣುತ್ತದೆ ಎಂಬುದು ಬೇರೆ ವಿಷಯ.

ಐದು ದಿನ ಇಟ್ಟೆ. ಐದು ದಿನವೂ ನೆನೆದ ಅಕ್ಕಿ. ಆರನೆಯ ದಿನ ಮಹಡಿ ಗುಡಿಸಲು ಬಂದ ಕೆಂಪಾಜಮ್ಮ ಪೊರಕೆ ಹಿಡಿದುಕೊಂಡೇ ಗಾಜಿನೊಳಗೆ ಬಗ್ಗಿ ನೋಡಿದಳು. "ಅಮ್ಮಾವ್ರೆ, ಮೇಷ್ಟ್ರು ತಂದಾಗ ಈ ಪಾತ್ರೆ ಕರ್ರಗಿರ್ನಿಲ್ವಾ?" ಎಂದಳು. ಇದ್ದವು, ನಾನು ಬೆಳಗಿದೆ ಎಂದೆ. "ಅಯ್, ಅದ್ಕೇ ಮತ್ತೆ!" ಎಂದಳು. ಏನು ಅದಕ್ಕೇ ಎಂದು ಗದರಿದೆ. ನನ್ನ ಗದರಿಕೆಗೆ ಅವಳು ಇಪ್ಪತ್ತು ವರ್ಷದಿಂದ ಹೆದರಿಲ್ಲ. "ನಮ್ ಕರಿ ಎಮ್ಮೆ ಬಿಸ್ಲಾಗೆ ಒಂದ್ಗಳಿಗೆ ನಿಲ್ಲಾಕಿಲ್ಲ, ಓಗಿ ಕೆರೇಗ್ ಬೀಳ್ತದೆ. ಬಿಳಿ ಅಸ ನೋಡಿ, ತಣ್ಣಗೆ ಮೆಲುಕಾಕ್ತಾ ನಿಂತಿರ್ತದೆ. ಬಿಸ್ಲು ಕರ್ರಗಿರೋದ್ಕೇ ಅಂಟ್ಕಳದು ಕಣ್ರಮ್ಮಾ. ನೀವು ಎಮ್ಮೇನ ಉಜ್ಜಿ ಅಸ ಮಾಡ್ಬುಟ್ಟಿದ್ದೀರಿ!" ಎಂದು ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕಳು.

ನಾನು ನಗಲಿಲ್ಲ. ನಾನು ಹೈಸ್ಕೂಲು ಓದಿದವಳು, ಅವಳು ಹೆಬ್ಬೆಟ್ಟು. ಕಪ್ಪು ಬಿಸಿಲನ್ನು ಹೀರುತ್ತದೆ ಎಂದು ನಾನೂ ಪಾಠದಲ್ಲಿ ಬಾಯಿಪಾಠ ಮಾಡಿದ್ದೆ, ಮಾರ್ಕೂ ತೆಗೆದಿದ್ದೆ. ಪುಸ್ತಕದಲ್ಲಿ ಓದಿದ್ದು ಬಚ್ಚಲಿನಲ್ಲಿ ಪಾತ್ರೆ ತೊಳೆಯುವಾಗ ನೆನಪಿಗೆ ಬರಬೇಕಲ್ಲ.

ಅವಳನ್ನು ಕಳಿಸಿ, ಪಾತ್ರೆಗಳನ್ನು ಕೆಳಗೆ ತಂದೆ. ನಮ್ಮ ಶಾಲೆಯಲ್ಲಿ ಶನಿವಾರ ಶನಿವಾರ ಹುಡುಗಿಯರೆಲ್ಲ ಸೇರಿ ಇದ್ದಿಲು, ತೊಂಡೆಸೊಪ್ಪು ಅರೆದು ಕರೀಹಲಗೆಗೆ ಬಳಿಯುತ್ತಿದ್ದೆವು. ಅದೇ ನೆನಪಾಯಿತು. ಒಲೆಯ ಇದ್ದಿಲು ಕುಟ್ಟಿ, ಬಟ್ಟೆಯಲ್ಲಿ ಜರಡಿ ಹಿಡಿದು, ಹಿತ್ತಲಿನ ತೊಂಡೆಸೊಪ್ಪಿನ ಜೊತೆ ಒರಳಿನಲ್ಲಿ ನುಣ್ಣಗೆ ಅರೆದು ನಾಲ್ಕು ಪಾತ್ರೆಗೂ ಎರಡು ಸಲ ಬಳಿದೆ. ಪಾತ್ರೆಗೆ ಮಸಿ ಹಿಡಿಯದಂತೆ ಒಂದು ಜನ್ಮ ಕಾದವಳು, ಬಾಗಿಲು ಹಾಕಿಕೊಂಡು ನನ್ನ ಕೈಯಾರೆ ಮಸಿ ಬಳಿದೆ. ಉಗುರಿನ ಕಪ್ಪು ಮೂರು ದಿನ ಹೋಗಲಿಲ್ಲ.

ಮಾರನೇ ದಿನ ಹತ್ತೂವರೆಗೆ ಇಟ್ಟೆ. ಹನ್ನೆರಡಕ್ಕೆ ಗಾಜಿನ ಒಳಗೆ ಹಬೆ ಕಟ್ಟಿತು. ಒಂದು ಗಂಟೆಗೆ ತೆಗೆದರೆ ಅನ್ನ ಮಲ್ಲಿಗೆಯ ಹಾಗೆ ಅರಳಿತ್ತು. ಬೇಳೆ ಬೆರಳಿಗೆ ಬೆಣ್ಣೆ. ಎಲೆ ಹಾಕಿಕೊಂಡು ಕೂತೆ. ರುಚಿ ಹೇಗಿತ್ತು ಎಂದು ಕೇಳಬೇಡಿ, ಒಬ್ಬಳೇ ಉಂಡದ್ದಕ್ಕೆ ರುಚಿ ಹೇಳುವವರು ಯಾರು.

ಇಲ್ಲಿ ಒಂದು ಮಾತು ಬರೆದುಬಿಡುತ್ತೇನೆ. ಮಸಿ ಬಳಿದ ವಿಷಯ ತಿಳಿದಾಗ ಕೆಂಪಾಜಮ್ಮ, "ಅಲ್ಲ ಕಣ್ರಮ್ಮಾ, ಅಬ್ಬದ ಇಂದಿನ್ ದಿನ ಮೇಷ್ಟ್ರು ಜಗಲಿಯಿಂದ ಉಜ್ಬೇಡ ಉಜ್ಬೇಡ ಅಂತಿದ್ರಲ್ಲಾ" ಎಂದಳು. ಹಿತ್ತಲಲ್ಲಿ ಬಾವಿಯ ರಾಟೆ ಕಿರುಗುಟ್ಟುವಾಗ ಜಗಲಿಯ ಮಾತು ಬಚ್ಚಲಿಗೆ ಕೇಳಿಸುತ್ತದೆಯೇ? ಹೇಳುವವರು ಹತ್ತಿರ ಬಂದು ಹೇಳಬೇಕು. ಆದ್ದರಿಂದ ಆದದ್ದು ತಿಳಿಯದೆ ಆದ ತಪ್ಪು. ಆದರೂ ತಪ್ಪು ನನ್ನ ಕೈಯದು. ಅದನ್ನು ಒಪ್ಪುತ್ತೇನೆ.

(ಚಿಕ್ಕಸ್ವಾಮಿಯ ಹುಡುಗ ಬಂದು ಇನ್ನೂ ಮೂಟೆ ಇಳಿಯುವುದು ಇದೆ, ನಾಲ್ಕೂವರೆ ಆಗುತ್ತದೆ ಎಂದು ಹೇಳಿಹೋದ. ಒಳ್ಳೆಯದಾಯಿತು.)

ಕಳೆದ ಭಾನುವಾರ ಚಕ್ರಪಾಣಿಗಳನ್ನು ಊಟಕ್ಕೆ ಕರೆದೆ. ಆವತ್ತು ಬಂದಿದ್ದ ಏಳು ಜನರಲ್ಲಿ ಊರಲ್ಲಿದ್ದ ಐವರನ್ನೂ ಕರೆದೆ. ಗಂಡಸಿಲ್ಲದ ಮನೆಗೆ ಯಾಕೆ ಕರೆದಳು ಎಂದು ಬರುವಾಗ ಎಲ್ಲರ ಮುಖ ಬಿಗಿದುಕೊಂಡಿತ್ತು. ಮಹಡಿಗೇ ಕರೆದುಕೊಂಡು ಹೋದೆ. ಅವರ ಎದುರೇ ಗಾಜು ಎತ್ತಿದೆ. ಅನ್ನ, ಹುಳಿ, ಕುಂಬಳಕಾಯಿ ಪಲ್ಯ, ಗಸಗಸೆ ಪಾಯಸ. ಒಗ್ಗರಣೆ ಮಾತ್ರ ಕೆಳಗೆ ಕೊಟ್ಟೆ. ಅಲ್ಲೇ ಚಾಪೆ ಹಾಸಿ ಬಡಿಸಿದೆ. ಬಡಿಸುವಾಗ ನಿಂತು ಹೇಳಿದೆ. ರಥಸಪ್ತಮಿಯ ದಿನ ಮನೆಯವರ ಲೆಕ್ಕ ತಪ್ಪಿರಲಿಲ್ಲ, ಪಾತ್ರೆಯ ಕಪ್ಪನ್ನು ನಾನು ಉಜ್ಜಿ ತೆಗೆದಿದ್ದೆ, ಅದರಿಂದ ಬೇಯಲಿಲ್ಲ, ಆವತ್ತು ನಾನು ಆಡಿದ ಮಾತು ಆಡಬಾರದ ಮಾತು ಎಂದೆ. ಹೇಳಿ ಮುಗಿಸಿ ಎಲ್ಲರಿಗೂ ಇನ್ನೊಂದು ಸೌಟು ಹುಳಿ ಬಡಿಸಿದೆ.

ಉಳಿದವರು, ಬಿಡಿ ಅಮ್ಮ, ಅದೇನು ಮಹಾ ಎಂದರು. ಚಕ್ರಪಾಣಿಗಳು ಉಣ್ಣುವುದನ್ನು ನಿಲ್ಲಿಸಿದರು. "ಅಲ್ಲ ತಾಯಿ, ಆವತ್ತು ಗಾಜು ತೆಗೆದಾಗ ಪಾತ್ರೆ ನಮ್ಮ ಕಣ್ಣು ಕುಕ್ಕುತ್ತಿತ್ತು. ನಮಗೆ ಗೊತ್ತಾಗಲಿಲ್ಲ, ನಾನು ಇತಿಹಾಸದವನು. ಆದರೆ ಅವನು ಸೈನ್ಸಿನವನು. ನೋಡಿದ ಕೂಡಲೇ ಅವನಿಗೆ ಗೊತ್ತಾಗಿರಬೇಕಲ್ಲ? ಮತ್ತೆ ಆ ಪುಣ್ಯಾತ್ಮ ಯಾಕೆ ತನ್ನ ಲೆಕ್ಕ ತಪ್ಪಿತು ಅಂದ?" ಎಂದು ಕೇಳಿದರು.

ಪಾಯಸ ತರುತ್ತೇನೆ ಎಂದು ಕೆಳಗೆ ಬಂದೆ. ಪಾಯಸ ಮೇಲೇ ಇತ್ತು.

ಆ ಪ್ರಶ್ನೆಯನ್ನು ನಾಲ್ಕು ದಿನದಿಂದ ಹೊತ್ತು ತಿರುಗುತ್ತಿದ್ದೇನೆ. ನೀವು ಪಾತ್ರೆಗಳನ್ನು ನೋಡಿದಿರಿ, ನನ್ನನ್ನು ನೋಡಿದಿರಿ. ಆಗ ನನ್ನ ಹೆಸರು ಹೇಳಿದ್ದರೆ ಅಷ್ಟೂ ಜನ ನನ್ನನ್ನು ನೋಡಿ ನಗುತ್ತಿದ್ದರು. ಹೆಂಗಸರ ಬುದ್ಧಿ, ಉಜ್ಜಿಬಿಟ್ಟಳಂತೆ ಎಂದು ಊರೆಲ್ಲ ಆಗುತ್ತಿತ್ತು. ನನ್ನನ್ನು ನೋಡಿ ಯಾರಾದರೂ ನಕ್ಕರೆ ನನಗೆ ಸೇರುವುದಿಲ್ಲ ಎಂದು ನಿಮಗೆ ಗೊತ್ತು. ಓದಿ ಪಾಠ ಹೇಳಿ ಮೂವತ್ತು ವರ್ಷ ಗಳಿಸಿದ್ದ ನಿಮ್ಮ ಹೆಸರನ್ನು ನನಗೆ ಅಡ್ಡವಾಗಿ ಒಡ್ಡಿದಿರಿ. ಒಡ್ಡಿದ ಹೆಸರಿನ ಮೇಲೆ ನಾನೇ ಕಲ್ಲು ಹಾಕಿದೆ. ನೀವು ಊರು ಬಿಟ್ಟದ್ದು ಬೇಯದ ಅಕ್ಕಿಗಲ್ಲ ಎಂದು ಈಗ ತಿಳಿಯುತ್ತದೆ.

ಇನ್ನು ಪೆಟ್ಟಿಗೆಗೆ ಕೊಟ್ಟ ದುಡ್ಡು ದಂಡವೋ ಸಾರ್ಥಕವೋ ಎಂಬ ನಮ್ಮ ಹಳೆಯ ಜಗಳ. ಅದಕ್ಕೆ ತೀರ್ಪು ಕೊಡುತ್ತೇನೆ. ಅದರಲ್ಲಿ ದೋಸೆ ಆಗದು, ರೊಟ್ಟಿ ಆಗದು, ಬೆಳಗಿನ ಕಾಫಿಯಂತೂ ಇಲ್ಲವೇ ಇಲ್ಲ. ಆಷಾಢ ಶ್ರಾವಣದಲ್ಲಿ ಅದು ಬರೀ ಪೆಟ್ಟಿಗೆ. ಹತ್ತು ಜನ ಬಂದರೆ ಎರಡು ಸರದಿ ಇಡಬೇಕು. ಸೂರ್ಯನ ಹಿಂದೆ ಅದನ್ನು ತಿರುಗಿಸುತ್ತಾ ಇರಬೇಕು. ಸೌದೆ ಅರ್ಧಕ್ಕೆ ಇಳಿದಿದೆ, ನಿಜ. ಆ ಲೆಕ್ಕದಲ್ಲಿ ಕೊಟ್ಟ ಹಣ ಹುಟ್ಟಲು ಎರಡು ಮೂರು ವರ್ಷ ಬೇಕು, ಅಷ್ಟರಲ್ಲಿ ಕೋತಿಗಳು ಗಾಜು ಒಡೆಯದಿದ್ದರೆ. ಹಾಗಾಗಿ ಹಣದ ಮಟ್ಟಿಗೆ ನಾನು ಅಂದದ್ದರಲ್ಲಿ ಅರ್ಧ ಸರಿ.

ಆದರೆ ನೀವು ಜಟಕಾದಲ್ಲಿ ಕೂತು ಕೂಗಿದ್ದು ಹಣದ ಮಾತಲ್ಲ. ಹತ್ತು ದಿನದಿಂದ ಮಧ್ಯಾಹ್ನದ ಹೊತ್ತು ನನ್ನ ಕಣ್ಣಲ್ಲಿ ನೀರು ಸುರಿದಿಲ್ಲ. ಕೆಮ್ಮು ಕಡಿಮೆಯಾಗಿದೆ. ಊದುಗೊಳವೆ ಹಿಡಿದು ಬಗ್ಗುವುದು ತಪ್ಪಿದ್ದರಿಂದ ಸೊಂಟವೂ ಸುಮಾರಾಗಿದೆ. ಅನ್ನ ಇಟ್ಟು ಬಂದರೆ ಎರಡು ಗಂಟೆ ಕೈಗೆ ಕೆಲಸವಿಲ್ಲ. ಮದುವೆಯಾಗಿ ಬಂದ ದಿನದಿಂದ ಆ ಹೊತ್ತಿನಲ್ಲಿ ನಾನು ಖಾಲಿ ಕೂತದ್ದೇ ಇಲ್ಲ. ಮೊದಲ ದಿನ ಏನು ಮಾಡಬೇಕೆಂದು ತಿಳಿಯದೆ ಹಜಾರಕ್ಕೆ ಬಂದು ಕೂತೆ. ನಿಮ್ಮ ಕುರ್ಚಿ ಎದುರಿಗಿತ್ತು. ನೀವು ಇದ್ದಷ್ಟು ವರ್ಷ ರಜೆಯ ದಿನಗಳಲ್ಲಿ ಆ ಹೊತ್ತಿಗೆ ಅಲ್ಲಿ ಕೂತು ಪೇಪರು ಓದುತ್ತಾ ಏನಾದರೂ ಕೇಳುತ್ತಿದ್ದಿರಿ, ನಾನು ಒಲೆಯ ಮುಂದಿನಿಂದ ಹೂಂ ಹೂಂ ಎನ್ನುತ್ತಿದ್ದೆ. ಈಗ ನನಗೆ ಬಿಡುವಿದೆ, ಕೇಳುವವರಿಲ್ಲ. ಪೆಟ್ಟಿಗೆಯ ಬೆಲೆ ಎಷ್ಟು ಎಂದು ಆಗ ನನಗೆ ಸರಿಯಾಗಿ ತಿಳಿಯಿತು.

ಆದ್ದರಿಂದ ಕೊಳ್ಳಲು ಒಪ್ಪಿರುವವರಿಗೆ ಪೆಟ್ಟಿಗೆ ಮಾರಾಟಕ್ಕಿಲ್ಲ ಎಂದು ಹೇಳಿ. ಅವರಿಗೆ ಬೇಕಾದರೆ ಮೈಸೂರಿನಲ್ಲಿ ಸಿಗುತ್ತದೆ. ಪಾತ್ರೆಗೆ ಸರಿಯಾದ ಬಣ್ಣ ಎಲ್ಲಿ ಸಿಗುತ್ತದೆ ಎಂದು ನನಗೆ ತಿಳಿಯದು, ನಾನು ಬಳಿದದ್ದು ಎರಡು ದಿನಕ್ಕೊಮ್ಮೆ ಉದುರುತ್ತದೆ. ಅದನ್ನು ತಿಳಿದವರು ಬಂದು ನೋಡಬೇಕು. ಹೊಳೆಯ ಹತ್ತಿರದ ರೂಮು ಮಳೆಗಾಲದಲ್ಲಿ ತೇವ ಏರುತ್ತದೆ, ನಿಮ್ಮ ಮಂಡಿಗೆ ಆಗದು. ನಾನು ಬನ್ನಿ ಎಂದು ಕರೆಯುತ್ತಿಲ್ಲ. ಸ್ವಂತ ಮನೆಗೆ ಯಾರಾದರೂ ಯಾರನ್ನಾದರೂ ಕರೆಯುತ್ತಾರೆಯೇ?

ಚಂಪಕಳಿಗೆ ನನ್ನ ಆಶೀರ್ವಾದ. ಬಾಳೆಹಣ್ಣು ಒಂದು ಚಿಪ್ಪು ಕಳಿಸಿದ್ದೇನೆ, ರಸಬಾಳೆ. ನೀವು ಎರಡಕ್ಕಿಂತ ಹೆಚ್ಚು ತಿನ್ನಬೇಡಿ.

ಇಂತು,
ರಂಗನಾಯಕಿ

ಮರೆತ ಮಾತು: ಚಿಕ್ಕಸ್ವಾಮಿ ಬಾಗಿಲಲ್ಲಿ ಹಾರನ್ ಹಾಕುತ್ತಿದ್ದಾನೆ. ಮರೆತ ಮಾತು ಎಂದು ಬರೆದೆ, ಮರೆತಿರಲಿಲ್ಲ. ರಾಟೆಯ ಸದ್ದು ಎಂದು ಮೇಲೆ ಬರೆದದ್ದು ಸುಳ್ಳು. ಆ ಸಂಜೆ ನೀರು ಸೇದಿ ಮುಗಿದಿತ್ತು, ಹಿತ್ತಲಲ್ಲಿ ಒಂದು ಎಲೆ ಅಲ್ಲಾಡುತ್ತಿರಲಿಲ್ಲ. ರಂಗೂ, ಆ ಕಪ್ಪು ಉಜ್ಜಿಬಿಡಬೇಡ ಕಣೇ ಎಂದು ನೀವು ಅಂದದ್ದು ನನಗೆ ಒಂದಕ್ಷರ ಬಿಡದೆ ಕೇಳಿಸಿತು. ನನ್ನನ್ನು ಕೇಳದೆ ಪೆಟ್ಟಿಗೆ ತಂದರಲ್ಲ, ಒಂದು ದಿನ ಇವರ ಮುಖ ಸ್ವಲ್ಪ ಸಣ್ಣಗಾಗಲಿ ಎಂದುಕೊಂಡೆ. ಅನ್ನವೇ ಬೇಯದಷ್ಟು ದೊಡ್ಡದಾಗುತ್ತದೆ ಎಂದುಕೊಂಡಿರಲಿಲ್ಲ. ಇದನ್ನು ಚಕ್ರಪಾಣಿಗಳಿಗೆ ಹೇಳಲು ನನ್ನಿಂದ ಆಗಲಿಲ್ಲ, ಮುಂದೆಯೂ ಆಗದು. ನಿಮಗೆ ಹೇಳದೆ ಸೋಮವಾರದೊಳಗೆ ನಿಮ್ಮನ್ನು ಬಸ್ಸು ಹತ್ತಿಸಿಕೊಂಡರೆ ಅದು ಮೋಸ. ಓದಿದ ಮೇಲೆ ರೂಮೋ ಬಸ್ಸೋ ನೀವೇ ತೀರ್ಮಾನಿಸಿ. ನೀವು ಜಗಲಿಯಿಂದ ಕೂಗಿದಾಗ ನಾನು ಉಜ್ಜಿದ್ದದ್ದು ಒಂದೇ ಪಾತ್ರೆ. ಇನ್ನು ಮೂರು ಕಪ್ಪಾಗಿಯೇ ಇದ್ದವು. ಆ ಮೂರನ್ನು ಆಮೇಲೆ ಉಜ್ಜಿದೆ. ತಪ್ಪಾಯಿತು.